ಭಾಗಮಂಡಲದ ಮಳೆ, ಕುಶಾಲನಗರದ ಮಳೆ: ಇಬ್ಬರು ಟೀಚರ್ ಸೇರಿ ಒಂದು ಪಾಠ ಕಟ್ಟುವುದು ಹೇಗೆ?

ಎಂಟನೇ ತರಗತಿಯ ಸಮಾಜ ವಿಜ್ಞಾನದಲ್ಲಿ ವಾಯುಗೋಳದ ಪಾಠವಿದೆ. ಬೆಟ್ಟ ಹತ್ತುವ ಗಾಳಿ ಸುರಿಸುವ ಆರೋಹ ಮಳೆ, ಬೆಟ್ಟದಾಚೆ ಮಳೆ ಕಡಿಮೆ ಬೀಳುವ ಮಳೆ ನೆರಳಿನ ಪ್ರದೇಶ ಎಲ್ಲ ಅಲ್ಲೇ ಬರುತ್ತವೆ. ಗಣಿತದಲ್ಲಿ ದತ್ತಾಂಶಗಳ ನಿರ್ವಹಣೆಯ ಪಾಠವಿದೆ. ಕೊಡಗಿನಲ್ಲಿ ಈ ಎರಡೂ ಪಾಠ ಜೂನ್‌ನಿಂದಲೇ ಶಾಲೆಯ ಹಂಚಿನ ಮೇಲೆ ಸುರಿಯುತ್ತಿರುತ್ತವೆ. ಆದರೂ ನಾವು ಬಾಗಿಲು ಹಾಕಿಕೊಂಡು ಪುಸ್ತಕದ ಚಿತ್ರ ತೋರಿಸುತ್ತೇವೆ.

ಸ್ಮಾರ್ಟ್ ಕ್ಲಾಸ್ ಟಿವಿ ಬಂದ ಮೇಲೂ ದೊಡ್ಡ ಬದಲಾವಣೆಯೇನೂ ಆಗಿಲ್ಲ. ಪುಸ್ತಕದ ಚಿತ್ರ ಟಿವಿಗೆ ಹೋಯಿತು, ಅಷ್ಟೆ. ತಂತ್ರಜ್ಞಾನ ನಿಜವಾಗಿ ಬೇಕಾಗುವುದು ಅದಿಲ್ಲದೆ ಮಾಡಲಾಗದ ಕೆಲಸ ಇದ್ದಾಗ. ಅಂಥ ಕೆಲಸ ಹುಟ್ಟಿಸಲು ಸುಲಭದ ದಾರಿ ಒಂದಿದೆ. ಜಿಲ್ಲೆಯ ಇನ್ನೊಂದು ತುದಿಯ ಟೀಚರ್ ಜೊತೆ ಸೇರಿ ಪಾಠ ಮಾಡುವುದು. ಜಿಲ್ಲೆಯ ಪಶ್ಚಿಮದ ಭಾಗಮಂಡಲದಿಂದ ಪೂರ್ವದ ಕುಶಾಲನಗರಕ್ಕೆ ಮಡಿಕೇರಿ ಮೇಲೆ ಹೋದರೆ ಸುಮಾರು 70 ಕಿಲೋಮೀಟರ್. ನೇರ ಗೆರೆ ಎಳೆದರೆ 50 ಕಿಲೋಮೀಟರ್ ಕೂಡ ಆಗುವುದಿಲ್ಲ. ಇಷ್ಟರಲ್ಲೇ ಮಳೆ ಹಲವು ಪಟ್ಟು ಕಡಿಮೆಯಾಗುತ್ತದೆ. ಎರಡೂ ಕಡೆಯ ಮಕ್ಕಳು ಒಂದೇ ದಿನ ಅಳೆದು, ಅಂಕಿ ಹಂಚಿಕೊಂಡು, ಯಾಕೆ ಹೀಗೆ ಎಂದು ಹುಡುಕಬೇಕು. ಇಲ್ಲಿ ಫೋನಿಗೂ ಕಂಪ್ಯೂಟರಿಗೂ ತಾನಾಗಿಯೇ ಕೆಲಸ ಸಿಗುತ್ತದೆ.

ಜೊತೆಗಾರರನ್ನು ಹುಡುಕುವುದು

ನಿಮ್ಮ ಕ್ಲಸ್ಟರ್‌ನೊಳಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನೊಳಗೆ ಹುಡುಕಬೇಡಿ, ಅಲ್ಲಿ ಎಲ್ಲರಿಗೂ ಒಂದೇ ಮಳೆ. ತರಬೇತಿಯಲ್ಲೋ ಮೌಲ್ಯಮಾಪನದಲ್ಲೋ ಪರಿಚಯವಾದವರು ಬೇರೆ ತಾಲ್ಲೂಕಿನಲ್ಲಿ ಇದ್ದೇ ಇರುತ್ತಾರೆ. ನಾಪೋಕ್ಲು, ಕಕ್ಕಬೆ ಕಡೆಯವರಿಗೆ ಸೋಮವಾರಪೇಟೆ ತಾಲ್ಲೂಕಿನ ಪೂರ್ವದವರು ಸಿಕ್ಕರೂ ಸಾಕು. ಒಬ್ಬರು ಗಣಿತ ಅಥವಾ ವಿಜ್ಞಾನ, ಇನ್ನೊಬ್ಬರು ಸಮಾಜ ವಿಜ್ಞಾನದವರಾದರೆ ಚೆನ್ನ. ಇಬ್ಬರಿಗೂ ಕಂಪ್ಯೂಟರ್ ಚೆನ್ನಾಗಿ ಬರಬೇಕೆಂದಿಲ್ಲ. ಒಬ್ಬರಿಗೆ ಬಂದರೆ ಸಾಕು, ಇನ್ನೊಬ್ಬರಿಗೆ ಮಕ್ಕಳಿಂದ ಪ್ರಶ್ನೆ ಹೊರಡಿಸುವ ಕೈಗುಣ ಇರಲಿ. ಎರಡೂ ಶಾಲೆಯ ಮುಖ್ಯ ಶಿಕ್ಷಕರಿಗೆ ಮೊದಲೇ ಹೇಳಿಡಿ. ವಾರಕ್ಕೆ ಒಂದು ಪಿರಿಯಡ್ ಎರಡೂ ಕಡೆ ಒಂದೇ ಹೊತ್ತಿಗೆ ಬರುವ ಹಾಗೆ ವೇಳಾಪಟ್ಟಿ ಅದಲು ಬದಲು ಮಾಡಬೇಕಾಗುತ್ತದೆ.

ಮೊದಲ ಮಾತುಕತೆಯಲ್ಲಿ ಆಪ್ ಹೆಸರು ಎತ್ತಬೇಡಿ

ಇಬ್ಬರು ಟೀಚರ್ ಸೇರಿದರೆ ಮೊದಲ ಹತ್ತು ನಿಮಿಷದಲ್ಲೇ 'ಆ ಆಪ್ ನೋಡಿದ್ರಾ' ಎಂಬ ಮಾತು ಬರುತ್ತದೆ. ಅದನ್ನು ಸ್ವಲ್ಪ ತಡೆಯಿರಿ. ಮೊದಲು ಒಂದು ಪ್ರಶ್ನೆ ಬರೆದುಕೊಳ್ಳಿ. 'ಒಂದೇ ದಿನ, ಒಂದೇ ಜಿಲ್ಲೆ. ನಿಮ್ಮಲ್ಲಿ ಯಾಕೆ ಅಷ್ಟು ಮಳೆ, ನಮ್ಮಲ್ಲಿ ಯಾಕೆ ಇಷ್ಟೇ?' ಈ ಪ್ರಶ್ನೆಗೆ ಉತ್ತರ ಹುಡುಕಲು ಮಕ್ಕಳು ಕೈಯಾರೆ ಏನೇನು ಮಾಡಬೇಕು ಎಂದು ಪಟ್ಟಿ ಮಾಡಿ. ಅಳೆಯಬೇಕು, ಬರೆಯಬೇಕು, ಹೋಲಿಸಬೇಕು, ನಕ್ಷೆ ನೋಡಬೇಕು, ಮನೆಯ ಹಿರಿಯರನ್ನು ಕೇಳಬೇಕು. ಒಂದೊಂದರ ಪಕ್ಕದಲ್ಲೂ 'ಇದಕ್ಕೆ ಯಂತ್ರ ಬೇಕಾ?' ಎಂದು ಕೇಳಿಕೊಳ್ಳಿ. ಅಳೆಯಲು ಬೇಡ. ಅಂಕಿ ಹಂಚಿಕೊಳ್ಳಲು ಬೇಕು. ಬೆಟ್ಟದ ಅಡ್ಡನೋಟ ನೋಡಲು ಖಂಡಿತ ಬೇಕು.

ಆಮೇಲೆ ಒಂದೇ ಪುಟದಲ್ಲಿ ಯೋಜನೆ ಬರೆಯಿರಿ. ಐದು ಕಾಲಂ ಸಾಕು: ದಿನ, ಮಕ್ಕಳು ಮಾಡುವ ಕೆಲಸ, ತಯಾರಿ ಯಾರದು, ಯಾವ ಸಾಧನ, ಕರೆಂಟ್ ಅಥವಾ ನೆಟ್‌ವರ್ಕ್ ಇಲ್ಲದಿದ್ದರೆ ಏನು. ಐದನೇ ಕಾಲಂ ಖಾಲಿ ಬಿಟ್ಟರೆ ಕೊಡಗಿನಲ್ಲಿ ಆ ಯೋಜನೆ ಜುಲೈ ದಾಟುವುದಿಲ್ಲ. ಗಾಳಿಗೆ ಮರ ಬಿದ್ದು ಲೈನ್ ಹರಿದರೆ ಎಷ್ಟು ದಿನ ಕತ್ತಲೆ ಎಂದು ಹೇಳಲಾಗದು. ಟವರ್‌ಗೂ ಕರೆಂಟ್ ಬೇಕಲ್ವಾ?

ಜಿಲ್ಲಾಡಳಿತ ಕೊಡುವ ಮಳೆ ರಜೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಜೂನ್ ಎರಡನೇ ವಾರಕ್ಕೆ ಅಳತೆ ಶುರು ಮಾಡಿ ಮೂರು ನಾಲ್ಕು ವಾರ ನಡೆಸಿದರೆ ಸಾಕಷ್ಟು ಅಂಕಿ ಸಿಗುತ್ತದೆ. ರಜೆಯಲ್ಲೂ ಅಳತೆ ತಪ್ಪದಿರಲು ಇಬ್ಬರು ಮೂವರು ಮಕ್ಕಳ ಮನೆಯಂಗಳದಲ್ಲೂ ಮಳೆ ಮಾಪಕ ಇರಲಿ. ಅಂಗಳದಲ್ಲೇ ಇರಲಿ, ತೋಟದೊಳಗೆ ಬೇಡ. ಆನೆ ಓಡಾಡುವ ಕಡೆ ಬೆಳಿಗ್ಗೆ ಮಕ್ಕಳನ್ನು ಕಳಿಸುವ ಮಾತೇ ಇಲ್ಲ.

ಮಾಪಕ: ಇಲ್ಲಿ ಅವಸರ ಬೇಡ

ಎರಡು ಲೀಟರಿನ ತಂಪು ಪಾನೀಯದ ಬಾಟಲಿ ತೆಗೆದುಕೊಳ್ಳಿ. ಕುತ್ತಿಗೆಯ ಕೆಳಗೆ, ಗೋಡೆ ನೇರವಾಗುವ ಜಾಗದಲ್ಲಿ ಕತ್ತರಿಸಿ. ಮುಚ್ಚಳ ತೆಗೆದು, ಮೇಲಿನ ತುಂಡನ್ನು ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ಇಟ್ಟಿಗೆಗಳ ನಡುವೆ ಅಲುಗಾಡದಂತೆ ನಿಲ್ಲಿಸಿ, ಇಲ್ಲವಾದರೆ ಆಷಾಢದ ಗಾಳಿ ಅದನ್ನು ಪಕ್ಕದ ಗದ್ದೆಗೆ ತಲುಪಿಸುತ್ತದೆ. ಮರ, ಮಾಡು ಹತ್ತಿರ ಇರಬಾರದು. ಪಕ್ಕದ ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಇರಲಿ. ಸಿಲ್ವರ್ ಓಕ್ ಸಾಲಿನ ಮಧ್ಯೆ ಇಟ್ಟರೆ ಮಳೆಯಲ್ಲ, ಎಲೆಯಿಂದ ತೊಟ್ಟಿಕ್ಕುವ ನೀರು ಅಳೆದಂತಾಗುತ್ತದೆ.

ಬಾಟಲಿಯ ತಳ ಉಬ್ಬುತಗ್ಗು ಇರುವುದರಿಂದ ಸ್ಕೇಲ್ ಅಂಟಿಸಿ ಓದಿದರೆ ಲೆಕ್ಕ ತಪ್ಪುತ್ತದೆ. ನನ್ನ ಮಟ್ಟಿಗೆ ವಿಜ್ಞಾನದ ಲ್ಯಾಬಿನ ಅಳತೆ ಜಾಡಿಗೆ ಸುರಿದು ಮಿಲಿಲೀಟರ್ ನೋಡುವುದೇ ಸರಿ. ಗಣಿತದ ಪಾಠವೂ ಅಲ್ಲೇ ಸಿಗುತ್ತದೆ. ಬಾಯಿಯ ಅಡ್ಡಳತೆ 11 ಸೆಂ.ಮೀ. ಇದ್ದರೆ ಅದರ ವಿಸ್ತೀರ್ಣ ಸುಮಾರು 95 ಚದರ ಸೆಂ.ಮೀ. ಅಂದರೆ 95 ಮಿಲಿಲೀಟರ್ ನೀರು ಸಿಕ್ಕರೆ 10 ಮಿಲಿಮೀಟರ್ ಮಳೆ. 950 ಮಿಲಿಲೀಟರ್ ಸಿಕ್ಕರೆ 100 ಮಿಲಿಮೀಟರ್. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು ನಿಂತರೆ ಅದೇ ಒಂದು ಮಿಲಿಮೀಟರ್ ಮಳೆ. ಇದನ್ನು ಮಕ್ಕಳೇ ಲೆಕ್ಕ ಹಾಕಿ ಕಂಡುಕೊಳ್ಳಲಿ. ಭಾಗಮಂಡಲದ ಕಡೆ ಜೋರು ಮಳೆಯ ದಿನ ಬಾಟಲಿ ತುಂಬಿ ಚೆಲ್ಲಬಹುದು. ಅಂಥ ದಿನ ಸಂಜೆ ಒಮ್ಮೆ ಖಾಲಿ ಮಾಡಿ, ಬೆಳಿಗ್ಗೆಯ ಅಳತೆಗೆ ಕೂಡಿಸಿ.

ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ, ಹಿಂದಿನ 24 ಗಂಟೆಯ ಮಳೆಯನ್ನು ಆ ದಿನದ ತಾರೀಖಿಗೆ ಬರೆಯುತ್ತದೆ. ನಿಮಗೆ ಅಷ್ಟು ಬೇಗ ಆಗದಿದ್ದರೆ ಪ್ರಾರ್ಥನೆಗೆ ಮುಂಚಿನ ಒಂದು ಹೊತ್ತು ಗೊತ್ತು ಮಾಡಿ. ಎರಡೂ ಶಾಲೆಯಲ್ಲಿ ಒಂದೇ ಹೊತ್ತು ಇರಬೇಕು, ಅದು ಮುಖ್ಯ. ಹುಲ್ಲಿನಲ್ಲಿ ನಡೆದು ಬಂದ ಮಕ್ಕಳ ಕಾಲಲ್ಲಿ ಜಿಗಣೆ ನೋಡುವ ಕೆಲಸವನ್ನೂ ಅದೇ ಹೊತ್ತಿಗೆ ಸೇರಿಸಿಕೊಳ್ಳಿ.

ಒಂದೇ ಶೀಟ್, ಎರಡು ಶಾಲೆ

ಗೂಗಲ್ ಶೀಟ್ಸ್‌ನಲ್ಲಿ ಒಂದು ಫೈಲ್ ತೆರೆದು ಇಬ್ಬರೂ ಹಂಚಿಕೊಳ್ಳಿ. ಫೋನಿನಲ್ಲಿ ಆಫ್‌ಲೈನ್ ಆಯ್ಕೆ ಹಾಕಿಟ್ಟರೆ ನೆಟ್‌ವರ್ಕ್ ಇಲ್ಲದಾಗಲೂ ಬರೆಯಬಹುದು, ಸಿಗ್ನಲ್ ಬಂದಾಗ ತಾನೇ ಸೇರಿಕೊಳ್ಳುತ್ತದೆ. ತಾರೀಖು, ಶಾಲೆ, ಮಿಲಿಮೀಟರ್, ಅಳೆದವರು, ಟಿಪ್ಪಣಿ. ಇದರ ಜೊತೆ ಮಳೆ ನಕ್ಷತ್ರದ ಕಾಲಂ ಒಂದಿರಲಿ. ಮೃಗಶಿರ, ಆರಿದ್ರಾ, ಪುನರ್ವಸು ಎಂದು ಅಜ್ಜ ಅಜ್ಜಿಯರು ಲೆಕ್ಕ ಇಡುತ್ತಾರೆ. 'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಎಂಬ ಮಾತು ಈ ವರ್ಷದ ಅಂಕಿಗೆ ಹೊಂದುತ್ತದಾ ಎಂದು ಮಕ್ಕಳು ನೋಡಲಿ.

ಶೀಟ್‌ನಲ್ಲಿ ಎಡವುವ ಜಾಗ ಕೆಲವಿವೆ. ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲ್ (ಯಾವ ದೇಶದ ಕ್ರಮ ಎನ್ನುವ ಆಯ್ಕೆ) ಇಂಡಿಯಾ ಎಂದು ಮಾಡಿ. ಅಮೆರಿಕದ ಕ್ರಮ ಇದ್ದರೆ 06/07 ಎಂದು ಬರೆದ ಜುಲೈ 6 ಜೂನ್ 7 ಆಗಿಬಿಡುತ್ತದೆ. ಅಳೆಯದ ದಿನ ಸೊನ್ನೆ ಹಾಕಬೇಡಿ, ಖಾಲಿ ಬಿಡಿ. ಸೊನ್ನೆ ಎಂದರೆ ಮಳೆ ಬಂದಿಲ್ಲ ಎಂದು, ಖಾಲಿ ಎಂದರೆ ನಾವು ನೋಡಿಲ್ಲ ಎಂದು. ಸರಾಸರಿ ತೆಗೆಯುವಾಗ ಇದರಿಂದ ಎಷ್ಟು ಅಂತರ ಬೀಳುತ್ತದೆ ಎಂದು ಎರಡೂ ರೀತಿ ಮಾಡಿ ತೋರಿಸಿ. ಶನಿವಾರ ಅಳೆದು ಮತ್ತೆ ಸೋಮವಾರ ಅಳೆದರೆ ಅದು ಎರಡು ದಿನದ ಮಳೆ, ಟಿಪ್ಪಣಿಯಲ್ಲಿ ಬರೆಸಿ. ಇನ್ನೊಂದು, ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ್ದು ಇನ್ನೊಬ್ಬರ ಫೋನಿನಲ್ಲಿ ಗೊಜ್ಜಾಗಿ ಕಾಣುತ್ತದೆ. ಇಬ್ಬರೂ ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ನಲ್ಲೇ ಬರೆಯಿರಿ.

ಫೈಲ್ ಟೀಚರ್ ಖಾತೆಯಲ್ಲೇ ಇರಲಿ, ಮಕ್ಕಳಿಗೆ ಇಮೇಲ್ ಖಾತೆ ಮಾಡಿಸುವ ಗೊಡವೆ ಬೇಡ. ಹೆಸರಿನ ಬದಲು ತಂಡದ ಹೆಸರು ಸಾಕು. ಇಂಟರ್ನೆಟ್ ಪೂರ್ತಿ ಕೈಕೊಟ್ಟರೆ ಅಂಕಿಯನ್ನು ಎಸ್ಎಂಎಸ್ ಮಾಡಿ. ಅದೂ ಹೋಗದಿದ್ದರೆ ನೋಟ್‌ಬುಕ್ ಇದೆಯಲ್ಲ, ಅದೇ ಮೂಲ ದಾಖಲೆ.

ಮೂರು ವಾರದ ಅಂಕಿ ಸಾಲದು ಎನಿಸಿದರೆ ಹತ್ತಿರದ ಕಾಫಿ ತೋಟದ ಮನೆಗೆ ಹೋಗಿ. ವರ್ಷಗಟ್ಟಲೆ ಮಳೆ ಬರೆದಿಟ್ಟ ಡೈರಿಗಳು ಕೊಡಗಿನಲ್ಲಿ ಬೇಕಾದಷ್ಟಿವೆ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಯಾವಾಗ ಬಂತು, ಎಷ್ಟು ಬಂತು ಎನ್ನುವುದರ ಮೇಲೆ ರೋಬಸ್ಟಾ ಫಸಲು ನಿಂತಿರುವಾಗ ಬರೆಯದೆ ಇರುತ್ತಾರಾ? ಕೇಳಿದರೆ ಖುಷಿಯಿಂದ ತೋರಿಸುತ್ತಾರೆ. ಆದರೆ ಅಲ್ಲಿನ ಲೆಕ್ಕ ಇಂಚು ಮತ್ತು ಸೆಂಟ್‌ನಲ್ಲಿ ಇರುತ್ತದೆ. ನೂರು ಸೆಂಟ್ ಒಂದು ಇಂಚು, ಒಂದು ಇಂಚು 25.4 ಮಿಲಿಮೀಟರ್. 40 ಸೆಂಟ್ ಎಂದರೆ ಸುಮಾರು 10 ಮಿಲಿಮೀಟರ್. ಡೈರಿಯ ಪುಟದ ಫೋಟೋ ತೆಗೆಯುವ ಮುಂಚೆ ಅನುಮತಿ ಕೇಳಿ. ಅದರಲ್ಲಿ ಆಳುಗಳ ಸಂಬಳ, ಸಾಲದ ಲೆಕ್ಕವೂ ಇರುತ್ತದೆ.

ಗ್ರಾಫ್: ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಮೊದಲ ವಾರದ ಸ್ತಂಭಾಲೇಖವನ್ನು ಮಕ್ಕಳು ಗ್ರಾಫ್ ಹಾಳೆಯಲ್ಲೇ ಬರೆಯಲಿ. ಯಾಕೆಂದರೆ ಕಂಪ್ಯೂಟರ್ ಒಂದು ಚಾಲಾಕಿತನ ಮಾಡುತ್ತದೆ. ಎರಡು ಶಾಲೆಗೆ ಬೇರೆ ಬೇರೆ ಗ್ರಾಫ್ ಮಾಡಿದರೆ ಅಳತೆಯ ಅಕ್ಷವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಒಂದು ಕಡೆ 120 ಮಿಲಿಮೀಟರ್, ಇನ್ನೊಂದು ಕಡೆ 12 ಮಿಲಿಮೀಟರ್ ಇದ್ದರೂ ಎರಡೂ ಕಂಬ ಒಂದೇ ಎತ್ತರ ಕಾಣುತ್ತವೆ. ಎರಡನ್ನೂ ಟಿವಿಯಲ್ಲಿ ಪಕ್ಕಪಕ್ಕ ಇಟ್ಟು 'ಎಲ್ಲಿ ಜಾಸ್ತಿ ಮಳೆ?' ಎಂದು ಕೇಳಿ. ಬೇಗ ಉತ್ತರ ಹೇಳಿದವರು ಪೇಚಾಡುತ್ತಾರೆ. ಆಮೇಲೆ ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ. ಇಡೀ ಪಾಠದಲ್ಲಿ ನನಗೆ ಹೆಚ್ಚು ಇಷ್ಟದ ಪಿರಿಯಡ್ ಇದು. ಪತ್ರಿಕೆಯಲ್ಲಿ, ಟಿವಿಯಲ್ಲಿ ಗ್ರಾಫ್ ನೋಡುವಾಗ ಪಕ್ಕದ ಅಂಕಿ ಓದುವ ಅಭ್ಯಾಸ ಇಲ್ಲೇ ಶುರುವಾಗಬಹುದು.

ಹವಾಮಾನ ಇಲಾಖೆಯ ಲೆಕ್ಕವನ್ನೂ ಇದರ ಪಕ್ಕ ಇಡಿ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಂದರೆ ಭಾರಿ ಮಳೆ. 115.6ರಿಂದ 204.4ರವರೆಗೆ ಅತಿ ಭಾರಿ. ಅದಕ್ಕೂ ಮೇಲೆ ಹೋದರೆ ಅತ್ಯಂತ ಭಾರಿ. ನಮ್ಮ ಬಾಟಲಿ ಯಾವ ದಿನ ಯಾವ ಸಾಲಿಗೆ ಸೇರಿತು ಎಂದು ಮಕ್ಕಳೇ ಬಣ್ಣ ಹಚ್ಚಲಿ.

ಬೆಟ್ಟದ ಅಡ್ಡನೋಟ

'ಯಾಕೆ' ಎಂಬ ಪ್ರಶ್ನೆಗೆ ಗೂಗಲ್ ಅರ್ಥ್ ಪ್ರೊ ಬೇಕು. ಕಂಪ್ಯೂಟರಿಗೆ ಉಚಿತವಾಗಿ ಸಿಗುತ್ತದೆ. ಕಾಸರಗೋಡು ಕರಾವಳಿಯಿಂದ ತಲಕಾವೇರಿ ಮೇಲೆ ಹಾಯ್ದು ಕುಶಾಲನಗರಕ್ಕೆ ಒಂದು ಗೆರೆ ಎಳೆಯಿರಿ. ಆ ಗೆರೆಗೆ ಎಲಿವೇಶನ್ ಪ್ರೊಫೈಲ್ ತೋರಿಸು ಎಂದರೆ ನೆಲದ ಏರಿಳಿತ ಗ್ರಾಫ್ ಆಗಿ ಬರುತ್ತದೆ. ಸಮುದ್ರ ಮಟ್ಟದಿಂದ ಹೊರಟ ಗೆರೆ ತಲಕಾವೇರಿ ಬಳಿ 1,200 ಮೀಟರ್ ಆಸುಪಾಸಿಗೆ ಏರಿ, ಕುಶಾಲನಗರದ ಹೊತ್ತಿಗೆ ಸುಮಾರು 830ಕ್ಕೆ ಇಳಿಯುತ್ತದೆ. ಅರಬ್ಬೀ ಸಮುದ್ರದ ತೇವದ ಗಾಳಿ ಈ ಗೋಡೆ ಹತ್ತಬೇಕು. ಹತ್ತುವಾಗ ತಣ್ಣಗಾಗಿ ಮಳೆ ಸುರಿಸುತ್ತದೆ. ಆಚೆ ಇಳಿಯುವಾಗ ಬಿಸಿಯಾಗುತ್ತದೆ, ಉಳಿದ ತೇವವೂ ಕಡಿಮೆ. ಗ್ರಾಫ್ ತೋರಿಸುವ ಮುಂಚೆ ಮಕ್ಕಳು ಕೈಯಲ್ಲಿ ಊಹೆಯ ಚಿತ್ರ ಬರೆದಿರಬೇಕು. ಹಿಂದಿನ ದಿನವೇ ಸ್ಕ್ರೀನ್‌ಶಾಟ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ.

ಅದೇ ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಉಪಗ್ರಹ ಚಿತ್ರ ನೋಡಬಹುದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಕುಸಿದ ಗುಡ್ಡಗಳ ಗಾಯ ಅಲ್ಲಿ ಕಾಣುತ್ತದೆ. ತೋರಿಸಬೇಕಾ? ಇಬ್ಬರೂ ಕೂತು ಮಾತಾಡಿ ತೀರ್ಮಾನಿಸಿ. ತರಗತಿಯಲ್ಲಿ ಮನೆ, ತೋಟ ಅಥವಾ ಮನೆಯವರನ್ನು ಕಳೆದುಕೊಂಡ ಕುಟುಂಬದ ಮಗು ಇದ್ದರೆ ನಾನಂತೂ ತೋರಿಸುವುದಿಲ್ಲ. ಮಳೆ ಎಷ್ಟು ಬಂದರೆ ಎಚ್ಚರ, ಎಚ್ಚರಿಕೆಯ ಬಣ್ಣ ಏನು ಹೇಳುತ್ತದೆ, ಆಗ ಮನೆಯವರು ಎಲ್ಲಿಗೆ ಹೋಗಬೇಕು ಎನ್ನುವುದನ್ನು ಚಿತ್ರವಿಲ್ಲದೆಯೂ ಕಲಿಸಬಹುದು.

ಇಬ್ಬರೂ ಒಟ್ಟಿಗೆ ತರಗತಿ

ವಿಡಿಯೋ ಕರೆ ಒಂದೋ ಎರಡೋ ಸಾಕು, ಕೊನೆಯ ವಾರದಲ್ಲಿ. ಮೊದಲೇ ಮಾಡಿದರೆ ಮಕ್ಕಳು ಕೈ ಬೀಸುವುದರಲ್ಲೇ ಪಿರಿಯಡ್ ಮುಗಿಯುತ್ತದೆ. ಮಾತಾಡಲು ಕೈಯಲ್ಲಿ ಅಂಕಿ ಇರಬೇಕು. ಪ್ರತಿ ತಂಡ ಆಚೆ ಶಾಲೆಗೆ ಎರಡು ಪ್ರಶ್ನೆ ಬರೆದು ತರಲಿ. ಒಬ್ಬ ಟೀಚರ್ ನಡೆಸಿಕೊಡಲಿ, ಇನ್ನೊಬ್ಬರು ಹಿಂದೆ ಕೂತ ಮಕ್ಕಳತ್ತ ನೋಡಲಿ. ಚಿತ್ರ ನಿಂತುಹೋದರೆ ವಿಡಿಯೋ ಆಫ್ ಮಾಡಿ ಧ್ವನಿಯಲ್ಲೇ ಮುಂದುವರಿಸಿ. ಹಂಚಿನ ಮೇಲೆ ಮಳೆ ಬಡಿಯುವ ಸದ್ದಿಗೆ ಏನೂ ಕೇಳದಿದ್ದರೆ ವಾಟ್ಸಾಪ್ ಧ್ವನಿ ಸಂದೇಶ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಭಾಷೆ ಮಾತಾಡುವ ಮಕ್ಕಳು ಹಿರಿಯರ ಮಾತನ್ನು ಆ ಭಾಷೆಯಲ್ಲೇ ರೆಕಾರ್ಡ್ ಮಾಡಿ ತಂದು, ಸಾರವನ್ನು ಕನ್ನಡದಲ್ಲಿ ಹೇಳಲಿ. ಫೋಟೋ, ಧ್ವನಿ ಯಾವುದನ್ನೂ ಫೇಸ್‌ಬುಕ್‌ಗೆ ಹಾಕಬೇಡಿ. ಪೋಷಕರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆದ ಮೇಲೂ ಎರಡು ಸಲ ಯೋಚಿಸಿ.

ಅಂಕ ಕೊಡುವುದು ಹೇಗೆ ಎಂದು ಪಾಠ ಶುರುವಾಗುವ ಮುಂಚೆಯೇ ಇಬ್ಬರೂ ಒಪ್ಪಿಕೊಂಡಿರಬೇಕು. ಚೆಂದದ ಪವರ್‌ಪಾಯಿಂಟ್‌ಗೆ ಅಂಕ ಬೇಡ. ಅಳತೆ ನಂಬುವಂತಿದೆಯಾ, ಗ್ರಾಫ್ ಸರಿಯಾಗಿ ಓದಿದ್ದಾರಾ, ಕಾರಣವನ್ನು ಸ್ವಂತ ಮಾತಿನಲ್ಲಿ ಹೇಳಿದ್ದಾರಾ, ಇಷ್ಟು ನೋಡಿ. ಒಬ್ಬರ ತರಗತಿಯ ನಾಲ್ಕೈದು ಉತ್ತರ ಪತ್ರಿಕೆಯನ್ನು ಇನ್ನೊಬ್ಬರು ಕೂಡ ತಿದ್ದಲಿ. ಅಂಕ ತುಂಬಾ ಬೇರೆ ಬಂದರೆ ಫೋನ್ ಮಾಡಿ ಜಗಳವಾಡಿ, ಪರವಾಗಿಲ್ಲ.

ಕೊನೆಗೆ ಶೀಟ್‌ನ ಒಂದು ಪ್ರತಿಯನ್ನು ಶಾಲೆಯ ಕಂಪ್ಯೂಟರಿಗೆ ಇಳಿಸಿಡಿ. ಟೀಚರಿಗೆ ವರ್ಗಾವಣೆಯಾದರೆ ಖಾತೆಯೂ ಅವರ ಜೊತೆ ಹೋಗುತ್ತದೆ. ಯೋಜನೆಯ ಆ ಒಂದು ಪುಟವನ್ನು ಪ್ರಿಂಟ್ ತೆಗೆದು, ಯಾವ ದಿನ ಐದನೇ ಕಾಲಂ ಉಪಯೋಗಕ್ಕೆ ಬಂತು ಎಂದು ಪೆನ್ನಿನಲ್ಲಿ ಗುರುತು ಹಾಕಿ ಫೈಲಿಗೆ ಸೇರಿಸಿ. ಬಾಟಲಿಗಳನ್ನು ಎಸೆಯಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಮಳೆ ಬಂದಾಗ ಏಳನೇ ತರಗತಿಯವರು ಅಳೆದು ಅಭ್ಯಾಸ ಮಾಡಿಕೊಳ್ಳಬಹುದು.