ಅಜ್ಜಿ ಹಿಡಿದ ಬಗ್

ಕಳೆದ ಬೇಸಿಗೆಯಲ್ಲಿ, ಕವಡೆ ಎಸೆದು ಕಾಯಿ ನಡೆಸುವ ಚೌಕಾಬಾರದ ಆಟವನ್ನು ಮೊಬೈಲಿಗೆ ತಂದೆ. ದುಡ್ಡಿಗಲ್ಲ, ಸುಮ್ನೆ. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿರುವುದಿಲ್ಲ. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಲ್ಲೇ ಕೂತು ವೆಬ್ ಕೆಲಸ ಮಾಡುವವನು. ಕರೆಂಟ್ ಹೋದರೆ ವೈಫೈ ಹೋಗುತ್ತದೆ, ವೈಫೈ ಹೋದರೆ ನಾನೂ ಪರಸಿ ಕಲ್ಲಿನ ನೆಲದ ಮೇಲೆ ಅಡ್ಡಾಗುತ್ತೇನೆ.

ಹಾಗೆ ಮಲಗಿದ್ದಾಗ ಪಕ್ಕದಲ್ಲಿ ಅವ್ವ ಲೂಡೋ ಆಡುತ್ತಿದ್ದಳು. ಒಂದು ಆಟ ಮುಗಿದರೆ ಅರ್ಧ ನಿಮಿಷ ಜಾಹೀರಾತು, ಅದನ್ನು ಮುಚ್ಚುವ ಗುಂಡಿ ಸಾಸಿವೆ ಕಾಳಿನಷ್ಟು. ನನಗೆ ಸಿಟ್ಟು ಬಂತು. ಲೂಡೋ ಅಂದರೆ ನಮ್ಮ ಪಚ್ಚೀಸಿಯದೇ ಮರಿ, ಇಂಗ್ಲೆಂಡಿನವರು 1896ರಲ್ಲಿ ಪೇಟೆಂಟ್ ಮಾಡಿಸಿಕೊಂಡಿದ್ದು. ಅದನ್ನು ಆಡೋದಕ್ಕಿಂತ ಅಜ್ಜಿಯ ಚೌಕಾಬಾರ ಏನು ಕಡಿಮೆ ಅಂತ ಲ್ಯಾಪ್‌ಟಾಪ್ ತೆಗೆದೆ. ಬ್ಯಾಟರಿ ಇನ್ನೂ ಇತ್ತು.

ಆ್ಯಪ್ ಮಾಡಲಿಲ್ಲ. ಗೂಗಲ್ ಪ್ಲೇನಲ್ಲಿ ಹಾಕಬೇಕೆಂದರೆ ಮೊದಲು 25 ಡಾಲರ್ ಕಟ್ಟಬೇಕು. ಅದಿರಲಿ, ಅವ್ವನ ಫೋನಿನಲ್ಲಿ ಜಾಗವೇ ಇಲ್ಲ, ಎಲ್ಲ ಗುಡ್ ಮಾರ್ನಿಂಗ್ ಫೋಟೋ. ಒಂದು ವೆಬ್ ಪುಟ ಸಾಕು ಅನ್ನಿಸಿತು. ಕನ್ನಡದ ಫಾಂಟ್ ಕೂಡ ಸೇರಿಸಲಿಲ್ಲ. ಆಂಡ್ರಾಯ್ಡ್‌ನಲ್ಲಿ ನೋಟೋ ಸಾನ್ಸ್ ಕನ್ನಡ ಅನ್ನುವ ಫಾಂಟ್ ಸಾಮಾನ್ಯವಾಗಿ ಮೊದಲೇ ಇರುತ್ತದೆ, ಮತ್ತೆ ಯಾಕೆ ಹೊರೆ? ಈಗಿನ ಎಷ್ಟೋ ಸೈಟುಗಳು ಒಂದು ಪ್ಯಾರಾ ತೋರಿಸಲು ನಾಲ್ಕೈದು ಎಂಬಿ ಇಳಿಸುತ್ತವೆ. ಅದೇ ಕೆಲಸ ಮಾಡಿ ಅನ್ನ ತಿನ್ನುವ ನಾನು ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ.

ಮನೆ ಬರೆಯುವುದು ಸುಲಭ. ಐದಕ್ಕೆ ಐದು, 25 ಮನೆ, ಪುಟವನ್ನು ಚೌಕಗಳಾಗಿ ಹಂಚುವ ಸಿಎಸ್‌ಎಸ್ ಗ್ರಿಡ್‌ನಲ್ಲಿ ಹತ್ತು ನಿಮಿಷದ ಕೆಲಸ. ಕಾಯಿ ನಡೆಯುವ ದಾರಿಯೂ ಅಷ್ಟೇ. ಹೊರಸುತ್ತು 16 ಮನೆ, ಒಳಸುತ್ತು 8, ನಡುವೆ ಕಾಯಿ ತಲುಪಿ ಹಣ್ಣಾಗುವ ಒಂದು ಮನೆ. ಒಬ್ಬ ಆಟಗಾರನ ದಾರಿ ಬರೆದು, ಅದನ್ನೇ ಮೂರು ಸಲ ಕಾಲು ಸುತ್ತು ತಿರುಗಿಸಿದರೆ ಉಳಿದ ಮೂವರ ದಾರಿ ಸಿಗುತ್ತದೆ.

ಕವಡೆಯಲ್ಲಿ ಎಡವಿದೆ.

ನಾಲ್ಕು ಕವಡೆ. ಎಷ್ಟು ಅಂಗಾತ ಬಿದ್ದವೋ ಅಷ್ಟು ಮನೆ. ನಾಲ್ಕೂ ಅಂಗಾತ ಆದರೆ ನಾಲ್ಕು, ಎಲ್ಲ ಬೋರಲು ಬಿದ್ದರೆ ಎಂಟು. ಈ ಎರಡಕ್ಕೂ ಇನ್ನೊಂದು ಸಲ ಎಸೆಯಬಹುದು. ಅಂದರೆ ಒಟ್ಟು ಐದು ಫಲ: ಒಂದು, ಎರಡು, ಮೂರು, ನಾಲ್ಕು, ಎಂಟು. ಐದರಲ್ಲಿ ಒಂದನ್ನು ಆರಿಸು ಅಂತ ಒಂದೇ ಸಾಲು ಕೋಡ್ ಬರೆದು ಕೈ ತೊಳೆದುಕೊಂಡೆ.

ಸಂಜೆ ಅಜ್ಜಿಯ ಜೊತೆ ಆಡಿದೆ. ನನಗೆ ನಾಲ್ಕು, ಎಂಟು, ಮತ್ತೆ ನಾಲ್ಕು. ಅಜ್ಜಿ ಫೋನ್ ಕೆಳಗಿಟ್ಟಳು.

“ಏ ತಮ್ಮಾ, ಇದರಾಗ ಮೋಸ ಅದ. ಎಂಟು ಹಿಂಗ ಬೀಳಂಗಿಲ್ಲ.”

ಕಂಪ್ಯೂಟರ್‌ಗೆ ಮೋಸ ಗೊತ್ತಿಲ್ಲ ಅಜ್ಜಿ ಅಂದೆ. ಅವಳು ಒಳಗೆ ಹೋಗಿ ಕವಡೆ ಬದಲಿಗೆ ಹುಣಸೆ ಬೀಜದ ನಾಲ್ಕು ಹೋಳು ತಂದಳು. ಒಡೆದ ಕಡೆ ಬಿಳಿ, ಹೊರಗೆ ಕಪ್ಪು. “ಎಸಿ, ಎಣಿಸು” ಅಂದಳು. ಎಸೆದೆ. ಎರಡು, ಮೂರು, ಎರಡು, ಒಂದು, ಎರಡು. ಎಂಟು ಬರುವಷ್ಟರಲ್ಲಿ ಒಗ್ಗರಣೆ ಮಂಡಾಳ (ಮಂಡಕ್ಕಿ) ಒಂದು ತಟ್ಟೆ ಖಾಲಿಯಾಗಿತ್ತು.

ಆಮೇಲೆ ಕೂತು ಲೆಕ್ಕ ಹಾಕಿದೆ, ನಾಚಿಕೆಯಾಯಿತು. ನಾಲ್ಕು ಬೀಜ 16 ರೀತಿ ಬೀಳಬಹುದು. ಅದರಲ್ಲಿ ಎರಡು ಬರುವುದು 6 ರೀತಿ. ಒಂದಕ್ಕೆ 4, ಮೂರಕ್ಕೆ 4. ನಾಲ್ಕಕ್ಕೂ ಎಂಟಕ್ಕೂ ಒಂದೊಂದೇ. ಮತ್ತೆ ಎಸೆಯುವ ಅವಕಾಶ ಎಂಟು ಸಲಕ್ಕೆ ಒಮ್ಮೆ ಬರಬೇಕು. ನನ್ನ ಕೋಡ್‌ನಲ್ಲಿ ಐದು ಸಲಕ್ಕೆ ಎರಡು ಸಲ ಬರುತ್ತಿತ್ತು. ಇದೇ ಬಗ್, ಅಂದರೆ ಕೋಡಿನ ತಪ್ಪು. ಪಿಯುಸಿಯಲ್ಲಿ ಓದಿದ ಲೆಕ್ಕ ಇದು. ಅಜ್ಜಿ ಓದಿಲ್ಲ, ಅವಳ ಕೈಗೆ ಗೊತ್ತಿತ್ತು.

ಐದರಲ್ಲಿ ಒಂದನ್ನು ಆರಿಸುವುದನ್ನು ಬಿಟ್ಟು, ನಾಲ್ಕು ಬೀಜವನ್ನು ಬೇರೆ ಬೇರೆ ಎಸೆದು ಎಣಿಸುವ ಹಾಗೆ ಬದಲಾಯಿಸಿದೆ. ನಿಜವಾದ ಬೀಜ ಎರಡೂ ಕಡೆ ಸರಿಸಮ ಬೀಳುವುದಿಲ್ಲ, ಹೊಟ್ಟೆ ಉಬ್ಬಿರುತ್ತದಲ್ವಾ. ಅಷ್ಟು ದೂರ ಹೋಗಲಿಲ್ಲ.

ಮರುದಿನ ಅಜ್ಜಿ ಮತ್ತೆ ಅದೇ ಮಾತು: “ಇನ್ನೂ ಮೋಸ ಅದ.” ಈ ಸಲ ನಾನು ವಾದಿಸಲಿಲ್ಲ. ನೋಡಿದರೆ ಅವಳ ಫೋನಿನಲ್ಲಿ ಹಳೇ ಆಟವೇ ಕೂತಿತ್ತು. ಇಂಟರ್ನೆಟ್ ಇಲ್ಲದಿದ್ದರೂ ಆಟ ತೆರೆಯಲಿ ಅಂತ ಸರ್ವಿಸ್ ವರ್ಕರ್ ಹಾಕಿದ್ದೆ, ಪುಟವನ್ನು ಫೋನಿನಲ್ಲೇ ಉಳಿಸಿಕೊಂಡು ತೋರಿಸುವ ಸಣ್ಣ ಕೋಡ್ ಅದು. ಅದನ್ನು ಹಾಕುವಾಗಲೂ ಅರ್ಧ ದಿನ ಹಾಳಾಗಿತ್ತು. ಲ್ಯಾಪ್‌ಟಾಪಿನ ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ಅದೇ ಯಂತ್ರದಲ್ಲಿ ತೆರೆದಾಗ, ಚೆನ್ನಾಗಿ ಓಡಿದ್ದು, ಮನೆಯ ವೈಫೈ ಮೇಲೆ ಫೋನಿನಲ್ಲಿ ಓಡಲೇ ಇಲ್ಲ. ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕ ಇಲ್ಲದೆ ಅದು ಕೆಲಸ ಮಾಡುವುದಿಲ್ಲ, ಲೋಕಲ್‌ಹೋಸ್ಟ್‌ಗೆ ಮಾತ್ರ ವಿನಾಯಿತಿ. ಈಗಿನ ತೊಂದರೆ ಬೇರೆ. ಹಳೇ ವರ್ಕರ್ ಹಿಡಿದಿರುವ ಪುಟವನ್ನು ಮುಚ್ಚುವ ತನಕ ಹೊಸದು ಕಾಯುತ್ತಾ ಕೂರುತ್ತದೆ. ಅಜ್ಜಿ ಯಾವ ಪುಟವನ್ನೂ ಮುಚ್ಚುವವಳಲ್ಲ. ಹೊಸದು ಬಂದ ಕೂಡಲೇ ಜಾಗ ಹಿಡಿಯಲಿ ಅಂತ ಸ್ಕಿಪ್‌ವೇಟಿಂಗ್ ಸೇರಿಸಿದೆ, ಫೋನಿನಲ್ಲಿ ಉಳಿಸಿಟ್ಟ ಪ್ರತಿಯಾದ ಕ್ಯಾಶ್‌ನ ಹೆಸರಿಗೊಂದು ನಂಬರ್ ಕೊಟ್ಟು ಹಳೆಯದನ್ನು ಅಳಿಸಿದೆ. ಆಮೇಲೆ ಅಜ್ಜಿ ಸುಮ್ಮನಾದಳು. ಗೆದ್ದಳು ಕೂಡ.

ಅಷ್ಟರಲ್ಲಿ ಸಿಂಧನೂರಿನ ಚಿಕ್ಕಮ್ಮ ಬಂದರು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ ಅನ್ನುವುದು ನಮ್ಮ ಮನೆಯ ನಿಯಮ. ಅವರ ಮನೆಯಲ್ಲಿ ಅದಿಲ್ಲವಂತೆ. ಒಂದೇ ಮನೆಯಲ್ಲಿ ಕೂತ ಜೋಡಿ ಕಾಯಿಯ ಬಗ್ಗೆಯೂ ಜಗಳ. ಸೆಟ್ಟಿಂಗ್ಸ್‌ನಲ್ಲಿ ಗುಂಡಿಗಳು ಜಾಸ್ತಿಯಾಗುತ್ತಾ ಹೋದವು, ಯಾರೂ ಮುಟ್ಟಲಿಲ್ಲ. ಅಜ್ಜಿ, ಚಿಕ್ಕಮ್ಮ ಇಬ್ಬರೂ ಪರಸಿ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಬಳೆ ಚೂರು ಕಾಯಿ ಮಾಡಿಕೊಂಡು, ಫೋನನ್ನು ಪಕ್ಕದಲ್ಲಿ ಇಟ್ಟುಕೊಂಡರು. ಬೀಜ ಎಸೆಯುವುದಕ್ಕೆ ಮಾತ್ರ ಅದು. ನನ್ನ ಗ್ರಿಡ್ ಯಾರಿಗೂ ಬೇಡ.

ಎಸೆಯುವ ಗುಂಡಿಯೊಂದೇ ಇರುವ ಪುಟ ಮಾಡಿಕೊಡು ಅಂತ ಚಿಕ್ಕಮ್ಮ ಕೇಳಿದ್ದಾರೆ. ಅಂಕಿ ಸ್ವಲ್ಪ ದೊಡ್ಡದಾಗಿ ಕಾಣಬೇಕಂತೆ.