ಹೊರರೇಖೆಯನ್ನು ಕೊನೆಗಿಟ್ಟ ಮೇಲೆ ನನ್ನ ಶೇಡಿಂಗ್ ಸರಿಹೋದದ್ದು

ಮಾನವಾಕೃತಿಯನ್ನು ಬಿಡಿಸುವಾಗ ಮೊದಲು ಹೊರರೇಖೆ, ಆಮೇಲೆ ಶೇಡಿಂಗ್ ಎಂಬ ಕ್ರಮವನ್ನು ನಾನು ಕೈಬಿಟ್ಟಾಗ, ಜೊತೆಗೆ ಕುಳಿತು ಬಿಡಿಸುತ್ತಿದ್ದವರಲ್ಲಿ ಹೆಚ್ಚಿನವರು ಪ್ರಮಾಣವೇ ಕೆಟ್ಟುಹೋಗುತ್ತದೆ ಎಂದಿದ್ದರು. ಈಗ ಅವರಲ್ಲೇ ಕೆಲವರು ನನ್ನ ಹಾಳೆಯ ಪಕ್ಕ ನಿಂತು ನೋಡಿಕೊಂಡು ಹೋಗುವುದರಿಂದ, ವಿಧಾನವನ್ನು ಬರೆದಿಡಲು ಅಡ್ಡಿಯಿಲ್ಲವೆನಿಸಿತು.

ಮೊದಮೊದಲು ಹಣವೆಲ್ಲ ಸುರಿದದ್ದು ಪೆನ್ಸಿಲ್‌ಗಳಿಗೆ. ಗಟ್ಟಿಯಾದ, ತಿಳಿ ಗೆರೆಯ 6ಎಚ್‌ನಿಂದ ಮೆತ್ತನೆಯ, ಗಾಢ ಗೆರೆಯ 8ಬಿವರೆಗಿನ ಸೆಟ್, ದಪ್ಪ ಹಾಳೆ, ಛಾಯೆಯನ್ನು ಉಜ್ಜಿ ಹರಡುವ ಕಾಗದದ ಸುರುಳಿಗಳಾದ ಸ್ಟಂಪುಗಳು ಎಂದು ಕೊಂಡದ್ದರ ಒಟ್ಟು ಖರ್ಚು ಮಾಡೆಲ್‌ಗೆ ಕೊಟ್ಟ ಹಣವನ್ನೂ ಮೀರಿತ್ತು. ಛಾಯೆಗೊಂದು ಪೆನ್ಸಿಲ್ ಬದಲಿಸುತ್ತ ಹೋದಂತೆ ದೇಹ ತುಂಡುತುಂಡಾಗಿ ಕಾಣುತ್ತಿತ್ತು. 8ಬಿಯಿಂದ ಒತ್ತಿ ತುಂಬಿದ ಕಡೆ ಗ್ರ್ಯಾಫೈಟ್ ಹೊಳೆದು, ಅತ್ಯಂತ ಗಾಢವಾಗಿರಬೇಕಾದ ಜಾಗವೇ ದೀಪದ ಬೆಳಕಿಗೆ ಬೂದಾಗುತ್ತಿತ್ತು. ಸ್ಟಂಪಿನಿಂದ ಉಜ್ಜಿದ ತೊಡೆಯಂತೂ ಹತ್ತಿ ತುಂಬಿದ ದಿಂಬಿನಂತಾಗುತ್ತಿತ್ತು. ಕೊನೆಗೆ ಕೈಯಲ್ಲಿ ಉಳಿದದ್ದು ಕಡ್ಡಿ ಇದ್ದಿಲು, ಒಂದು ಚಾರ್ಕೋಲ್ ಪೆನ್ಸಿಲ್ ಮತ್ತು ಹಿಟ್ಟಿನಂತೆ ನಾದಿ ಬೇಕಾದ ಆಕಾರಕ್ಕೆ ತರಬಹುದಾದ ರಬ್ಬರ್ ಮಾತ್ರ.

ಇಪ್ಪತ್ತು ನಿಮಿಷದ ಭಂಗಿಯಾದರೆ ಗೆಸ್ಚರ್‌ಗೆ, ಅಂದರೆ ಭಂಗಿಯ ಒಟ್ಟು ಓಟವನ್ನು ಹಿಡಿಯುವ ಬಿರುಸಿನ ಗೆರೆಗಳಿಗೆ, ಒಂದೆರಡು ನಿಮಿಷ ಸಾಕು. ಅನಂತರ ಕಣ್ಣನ್ನು ಅರೆಮುಚ್ಚಿ, ಬೆಳಕು ಮುಗಿದು ನೆರಳು ಶುರುವಾಗುವ ಅಂಚನ್ನು ಮಾತ್ರ ಗುರುತಿಸಿ, ಇದ್ದಿಲನ್ನು ಅಡ್ಡ ಹಿಡಿದು ಇಡೀ ನೆರಳನ್ನು ಒಂದೇ ಛಾಯೆಯಲ್ಲಿ ತುಂಬುತ್ತೇನೆ. ಪ್ರಮಾಣ ತಪ್ಪಿದ್ದರೆ ಈ ನೆರಳಿನ ಆಕಾರದಲ್ಲೇ ಗೊತ್ತಾಗುತ್ತದೆ, ಮತ್ತು ಅಲ್ಲಿ ತಿದ್ದುವುದು ಗೆರೆಯನ್ನು ತಿದ್ದುವುದಕ್ಕಿಂತ ಸುಲಭ. ಪಕ್ಕದಿಂದ ಬೆಳಕು ಬಿದ್ದು ನಿಂತ ಆಕೃತಿಯಲ್ಲಿ ಈ ಅಂಚು ಕಂಕುಳಿಂದ ಪಕ್ಕೆಲುಬುಗಳ ಮೇಲೆ ಅಲೆಯಲೆಯಾಗಿ ಇಳಿದು, ಹೊಟ್ಟೆಯ ಮೇಲೆ ಮೆತ್ತಗಾಗಿ, ಸೊಂಟದ ಮೂಳೆ ಚರ್ಮಕ್ಕೆ ಹತ್ತಿರ ಬರುವಲ್ಲಿ ಥಟ್ಟನೆ ಹರಿತವಾಗುತ್ತದೆ. ಅದೇ ಹರಿತ ಮಂಡಿಚಿಪ್ಪಿನ ಬಳಿ ಮತ್ತೊಮ್ಮೆ ಕಾಣುತ್ತದೆ. ಅಂಚಿನ ಈ ಏರಿಳಿತವನ್ನು ಹಿಡಿದರೆ ಶೇಡಿಂಗ್‌ನ ಅರ್ಧಕ್ಕಿಂತ ಹೆಚ್ಚಿನ ಕೆಲಸ ಮುಗಿದಂತೆಯೇ. ಅಂಚನ್ನು ಎಲ್ಲಿ ಪೂರ್ತಿ ಕರಗಿಸಬೇಕೆಂದು ನಿರ್ಧರಿಸಲು ನನ್ನದೇ ಒಂದು ಉಪಾಯವಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹೆಚ್ಚಿನವರ ಚಿತ್ರ ಕೆಡುವುದು ನೆರಳಿನೊಳಗಿನ ಪ್ರತಿಫಲಿತ ಬೆಳಕಿನಲ್ಲಿ, ಅಂದರೆ ಸುತ್ತಲಿನ ವಸ್ತುಗಳಿಂದ ಪುಟಿದು ನೆರಳಿಗೆ ಬೀಳುವ ಬೆಳಕಿನಲ್ಲಿ. ಸುತ್ತಲೂ ಗಾಢವಾಗಿರುವುದರಿಂದ ಅದು ಕಣ್ಣಿಗೆ ಇರುವುದಕ್ಕಿಂತ ಹೆಚ್ಚು ಬೆಳ್ಳಗೆ ಕಾಣುತ್ತದೆ. ಬೆಳಕಿನ ಭಾಗದಲ್ಲಿರುವ ಅತಿ ಗಾಢ ಮಧ್ಯಛಾಯೆಗಿಂತಲೂ (ಬೆಳಕು ನೆರಳಿನತ್ತ ತಿರುಗುವಲ್ಲಿನ ಬೂದುಛಾಯೆ) ಅದನ್ನು ಒಂದು ಹಂತ ಗಾಢವಾಗಿಡದಿದ್ದರೆ ದೇಹದ ದುಂಡುತನ ಒಡೆದುಹೋಗುತ್ತದೆ.

ಈ ನಡುವೆ ಬೂದು ಹಾಳೆಯ ಮೇಲೆ ಬಿಳಿ ಚಾಕ್ ಪ್ರಯತ್ನಿಸಿದೆ. ಬಿಳಿಯೂ ಇದ್ದಿಲೂ ಬೆರೆತಲ್ಲಿ ನೀಲಿ ಛಾಯೆಯ ಕೊಳೆಬಣ್ಣ ಬರುತ್ತದೆ. ಎರಡರ ನಡುವೆ ಹಾಳೆಯನ್ನೇ ಬಿಟ್ಟರೆ ಮಾತ್ರ ಚಾಕ್ ಪ್ರಯೋಜನಕ್ಕೆ ಬರುತ್ತದೆ. ಛಾಯೆಗಳನ್ನು ಹೋಲಿಸಿ ನೋಡಲು ಮೊಬೈಲ್‌ನ ಕಪ್ಪು ಬಿಳುಪು ಫೋಟೊವನ್ನು ನಾನು ನಂಬುವುದಿಲ್ಲ, ಏಕೆಂದರೆ ಕ್ಯಾಮೆರಾ ತನ್ನಷ್ಟಕ್ಕೆ ನೆರಳನ್ನು ಎತ್ತುತ್ತದೆ ಇಲ್ಲವೇ ಮುಳುಗಿಸುತ್ತದೆ. ಹಳೆಯ ಫೋಟೊ ಚೌಕಟ್ಟಿನ ಗಾಜಿಗೆ ಹಿಂದಿನಿಂದ ಕಪ್ಪು ಬಣ್ಣ ಬಳಿದು, ಮಾಡೆಲನ್ನು ಅದರಲ್ಲಿ ನೋಡಿದ್ದು ಮಾತ್ರ ಹೆಚ್ಚೇನೂ ಖರ್ಚಿಲ್ಲದೆ ಫಲ ಕೊಟ್ಟಿತು; ಸಣ್ಣಪುಟ್ಟ ಛಾಯೆಗಳೆಲ್ಲ ಅದರಲ್ಲಿ ಅಡಗಿ, ದೊಡ್ಡ ನೆರಳುಗಳಷ್ಟೇ ಉಳಿಯುತ್ತವೆ.

ರೇಖೆ ಬರುವುದು ಕೊನೆಯ ನಾಲ್ಕೈದು ನಿಮಿಷದಲ್ಲಿ. ಒಂದು ಅಂಗ ಇನ್ನೊಂದರ ಹಿಂದೆ ಸರಿಯುವಲ್ಲಿ, ಮೈಭಾರ ಹೊತ್ತ ಪಾದದ ಅಡಿಯಲ್ಲಿ ದಪ್ಪ ಗೆರೆ. ಬೆಳಕಿನ ಕಡೆ ತೆಳುವಾದದ್ದು, ಕೆಲವೆಡೆ ಏನೂ ಇಲ್ಲ. ಇದ್ದಿಲು ಉದುರದಂತೆ ಹಿಡಿದಿಡುವ ಫಿಕ್ಸೆಟಿವ್ ದ್ರವವನ್ನು ಸಿಂಪಡಿಸಿದಾಗ ತಿಳಿ ಛಾಯೆಗಳು ತುಸು ಗಾಢವಾಗುವುದರಿಂದ, ಅವನ್ನು ಬೇಕಾದುದಕ್ಕಿಂತ ಸ್ವಲ್ಪ ತಿಳಿಯಾಗಿಯೇ ಬಿಟ್ಟು, ದೂರದಿಂದ ಎರಡು ಮೂರು ತೆಳು ಪದರಗಳಲ್ಲಿ ಹೊಡೆಯುತ್ತೇನೆ.