ತೋಳ ಬೇಡ, ಕರಿಚಿರತೆ ಸಾಕು: ಧಾರಾವಾಹಿ ಬರೆದ ಅನುಭವ

ಮನುಷ್ಯನಾಗಿದ್ದು ಪ್ರಾಣಿಯಾಗಿ ರೂಪ ಬದಲಿಸುವ ನಾಯಕನ ಪ್ರೇಮಕಥೆ ಎಂದರೆ ತೋಳವೇ ಆಗಬೇಕು, ಹಿಂಡು ಇರಬೇಕು, ಇಲ್ಲದಿದ್ದರೆ ಓಡುವುದಿಲ್ಲ ಎಂದು ಜೊತೆಗೆ ಬರೆಯುವವರೆಲ್ಲ ಹೇಳಿದ್ದರು. ನನ್ನ ಕಥೆ ನಡೆಯುವ, ಉತ್ತರ ಕನ್ನಡದ ಅಣಶಿಯ ದಟ್ಟ ಕಾಡಿಗೆ ತೋಳ ಎಲ್ಲಿಂದ ತರುವುದು? ಅದು ಬಯಲುಸೀಮೆಯ ಪ್ರಾಣಿ. ಅಣಶಿ, ದಾಂಡೇಲಿ ಕಡೆ ಹೆಸರಾದದ್ದು ಕರಿಚಿರತೆ. ಅದನ್ನೇ ನಂಬಿ ಆನ್‌ಲೈನ್‌ನಲ್ಲಿ ಬರೆದ ಧಾರಾವಾಹಿ ಈಗ ನೂರು ಕಂತು ದಾಟಿದೆ, ಲಾಕ್ ಆದ, ಅಂದರೆ ಕಾಸು ಕೊಟ್ಟೇ ಓದಬೇಕಾದ ಕಂತುಗಳಿಂದ ತಿಂಗಳಿಗೆ ಐದಾರು ಸಾವಿರ ಬರುತ್ತಿದೆ.

ಚಿರತೆಯಿಂದ ಆದ ಮೊದಲ ಲಾಭ ತೂಕದ್ದು. ಗಂಡು ಚಿರತೆ ಸುಮಾರು 50ರಿಂದ 70 ಕಿಲೋ, ನಾಯಕನೂ ಅಷ್ಟೇ. ಹುಲಿ ಮಾಡಿದ್ದರೆ ಉಳಿದ ನೂರು ಚಿಲ್ಲರೆ ಕಿಲೋ ಎಲ್ಲಿಂದ ಬಂತು ಎಂದು ಓದುಗರು ಬಿಡುವುದಿಲ್ಲ. ಆಮೇಲೆ ಬಣ್ಣ. ಕರಿಚಿರತೆ ಬೇರೆ ಜಾತಿಯಲ್ಲ. ಕಪ್ಪು ಗುಣ ತಂದೆ ತಾಯಿ ಇಬ್ಬರಿಂದಲೂ ಬರಬೇಕು, ಚುಕ್ಕೆಯ ಜೋಡಿಗೂ ಕರಿಮರಿ ಹುಟ್ಟಬಹುದು. ವಂಶದ ಗುಟ್ಟಿಗೆ ಇದೇ ಸಾಕಾಯಿತು, ಋಷಿಶಾಪ ಬೇಕಾಗಲಿಲ್ಲ. ಬಿಸಿಲು ಓರೆಯಾಗಿ ಬಿದ್ದರೆ ಆ ಕಪ್ಪಿನೊಳಗೂ ಚುಕ್ಕೆ ಕಾಣುತ್ತದೆ. ಜೋಯಿಡಾ ಕಡೆಯ ತೋಟದ ಮನೆಯಲ್ಲಿ, ಬೆಳಗಿನ ಹೊತ್ತು, ಅಡಿಕೆ ಅಟ್ಟದ ಮೇಲೆ ಮಲಗಿದ ಚಿರತೆಯ ಎಡ ಭುಜದಲ್ಲಿ ಒಂದಕ್ಕೊಂದು ತಗುಲಿದ ಮೂರು ಉಂಗುರ. ಎಣ್ಣೆ ಹಚ್ಚುವಾಗ ನಾಯಕಿಗೆ ಗಂಡನ ಭುಜದಲ್ಲಿ ಕಂಡ ಮಚ್ಚೆ ಅದೇ. ಅತಿ ಹೆಚ್ಚು ಓದಿಸಿಕೊಂಡ ಕಂತು ಇದು.

ನಿಯಮ ಕಡಿಮೆ ಇಟ್ಟು ಮುರಿಯದೆ ನಡೆಸಬೇಕು: ಬಟ್ಟೆ ವಾಪಸು ಬರುವುದಿಲ್ಲ, ಮೈ ಬದಲಾದ ಮೇಲೆ ವಿಪರೀತ ಹಸಿವು, ಗಾಯ ಎರಡೂ ಮೈಗೆ ಉಳಿಯುತ್ತದೆ. ಕಾಡುಹಂದಿಗೆ ಹಾಕಿದ ಉರುಳಿಗೆ ಚಿರತೆಯ ಮುಂಗಾಲು ಸಿಕ್ಕರೆ ಮರುದಿನ ಮದುವೆ ಊಟದಲ್ಲಿ ಮಣಿಕಟ್ಟಿಗೆ ಪಟ್ಟಿ. ಊರವರಿಗೆ ಸಂಶಯ ಬರಲು ಇನ್ನೇನು ಬೇಕು?

ಸೊರಗಿದ್ದು ನಡುವಿನ ಕಂತುಗಳು. ಚಿರತೆ ಒಂಟಿ ಪ್ರಾಣಿ, ಹಿಂಡಿಲ್ಲ. ಹಾಗಾಗಿ ಪೋಷಕ ಪಾತ್ರಗಳ ಬರ. ನಲವತ್ತರಿಂದ ಅರವತ್ತರವರೆಗೆ ಓದುಗರು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದರು. ಚಿರತೆಗೆ ಮಾತಿಲ್ಲ, ಮಾತಿಲ್ಲದ ಕಡೆ ಪ್ರೇಮ ನಿಲ್ಲುತ್ತದೆ. ಸಾವಿರ ಪದದ ಕಂತಿನಲ್ಲಿ ಪ್ರಾಣಿರೂಪ ಮುನ್ನೂರು ಪದ ಮೀರದಂತೆ ನೋಡಿಕೊಂಡ ಮೇಲೆ ಚೇತರಿಸಿತು. ಒಂದು ಕಂತಿನ ಕೊನೆಯಲ್ಲಿ ಹುಟ್ಟಿಸಿದ ಅಪಾಯವನ್ನು ಮುಂದಿನ ಕಂತಿನ ಎರಡನೇ ಸಾಲಿಗೇ ಕರಗಿಸಿದರೆ ಕಾಸು ಕೊಟ್ಟವರು ಉಗಿಯುತ್ತಾರೆ, ಅದು ನ್ಯಾಯವೇ. ನಾಯಕಿಗೆ ಗುಟ್ಟು ಎಷ್ಟನೇ ಕಂತಿಗೆ ತಿಳಿಯಬೇಕು ಎಂಬ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಕಥೆಯನ್ನೂ ಬರೆದು ನೋಡಿದೆ. ಹೆಣ್ಣು ಮರದ ಪೊಟರೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಕೊಂಡು ಕೂರುತ್ತದೆ, ಗಂಡು ಸಂದಿಯಿಂದ ಹಣ್ಣು ಕೊಡುತ್ತದೆ. ಪ್ರೇಮಕ್ಕೆ ಇದಕ್ಕಿಂತ ಚೆಂದದ್ದಿಲ್ಲ, ಆದರೆ ನಾಯಕಿ ಕದಲದೆ ಕಥೆ ಕದಲುವುದಿಲ್ಲ. ಹತ್ತು ಹನ್ನೆರಡು ಕಂತಿಗೆ ನಿಲ್ಲಿಸಿದೆ.

ಈಗ ಕರಿಚಿರತೆ ಕಥೆಯ ಎರಡನೇ ಭಾಗ ಮಳೆಗಾಲದಲ್ಲಿ ನಡೆಯುತ್ತಿದೆ. ಗುಡ್ಡ ಕುಸಿದು ಅಣಶಿ ಘಟ್ಟದ ರಸ್ತೆ ಬಂದ್, ಅವಳು ಕಾರವಾರದಲ್ಲಿ, ಅವನು ಮೇಲೆ. ಖಳನಾಯಕನಿಲ್ಲದೆ ಎಂಟು ಕಂತು ಆರಾಮವಾಗಿ ಸಾಗಿದೆ.